ಕೈಗೆ ಸಿಕ್ಕ ಅಂಚು

ಹುಮನಾಬಾದಿನ ಕುಸ್ತಿ ಅಖಾಡದಲ್ಲಿ ಉಳಿದವರೆಲ್ಲ ಲಂಗೋಟಿಯಲ್ಲಿದ್ದರೆ, ಬಸವಕಲ್ಯಾಣದ ಸಲೀಂ ಮೊಣಕಾಲು ಮುಚ್ಚುವ ಚಡ್ಡಿಯಲ್ಲೇ ಮಣ್ಣಿಗಿಳಿದ. "ಎದುರಿನವ ಚಡ್ಡಿಗೇ ಕೈ ಹಾಕ್ತಾನ, ಲಂಗೋಟಿ ಕಟ್ಟಪಾ" ಎಂದು ಪಂಚನಾಗಿ ತೀರ್ಪು ಕೊಡಲು ನಿಂತಿದ್ದ ನಾನು ಎಚ್ಚರಿಸಿದೆ.

"ಕುಸ್ತಿ ಆಡಾಕ ನಮ್ಮ ಧರ್ಮದಾಗ ಅಡ್ಡಿ ಇಲ್ರಿ. ಮೊಣಕಾಲ ಮುಚ್ಚಿರಬೇಕು, ಅಷ್ಟೇ" ಎಂದ.

ಎದುರಾಳಿ ಕೊಡಂಬಲದ ಮಾರುತಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಸಲೀಂ ಅವನ ಬೆನ್ನನ್ನು ನೆಲಕ್ಕೆ ತಿರುಗಿಸುತ್ತಿದ್ದಾಗ ಆ ಚಡ್ಡಿಯ ಅಂಚು ಮಾರುತಿಯ ಕೈಗೆ ಸಿಕ್ಕಿತು. ಎಳೆದಿದ್ದರೆ ಉಳಿಯುತ್ತಿದ್ದ, ನಮ್ಮ ಅಖಾಡದಲ್ಲಿ ಅದು ತಪ್ಪೂ ಅಲ್ಲ. ಆದರೆ ಅವನು ಬೆರಳು ಬಿಚ್ಚಿದ, ಚಿತ್ತಾದ.

ಯಾಕೆ ಬಿಟ್ಟೆ ಎಂದು ಕೇಳಿದೆ. ಮೈಮಣ್ಣು ಕೊಡವುತ್ತ, "ಅಂವ ಅದನ್ನ ದೇವರಿಗಂತ ಹಾಕ್ಕೊಂಡಾನ್ರಿ, ನಾ ಹಿಡೀಲಿ ಅಂತಲ್ಲ" ಎಂದ.

ಅಂದು ಪಂಚನಾಗಿ ನಾನು ಎತ್ತಿದ್ದು ಸಲೀಮನ ಕೈ. ಇವತ್ತಿಗೂ ಕಣ್ಣಮುಂದೆ ಬರುವುದು ಮಾರುತಿಯ ಬಿಚ್ಚಿದ ಬೆರಳು.