ಅರವತ್ತು ಕಿಲೋದ ಕಬ್ಬಿಣದ ಟಗರು

1997ರಲ್ಲಿ ತಳಕಲ್ ಊರಾಚೆಯ ಬಯಲಿನಲ್ಲಿ ಟಗರಿನ ಕಾಳಗ ನಡೆಯಿತು. ಸೋತು ಮುಖ ತಿರುಗಿಸಿ ನಿಂತಿದ್ದ ಕನಕಪ್ಪನ ಟಗರಿನ ಮೇಲೆ ಎದುರಾಳಿಗಳು ತಮ್ಮ ಟಗರನ್ನು ಮತ್ತೊಮ್ಮೆ ಬಿಟ್ಟು ಗುದ್ದಿಸಿದರು. ಟಗರು ಸತ್ತಿತು. ಗುದ್ದಿಸಿದವರು ಬಹುಮಾನ ತೆಗೆದುಕೊಂಡು ಹೋದರು. ಕನಕಪ್ಪನ ಮಗಳಿಗೆ ಆಗ ಒಂಬತ್ತು ವರ್ಷ.

ಆ ಮಗಳ ಹೆಸರು ಯಮನೂರಮ್ಮ. ಊರು ಈಗ ಗಂಗಾವತಿ. ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ನಸುಕಿಗೇ ಮೇಲೇಳುವ ಮೊದಲ ಶಟರ್ ಎತ್ತುವವಳು ಆಕೆ. ಕೆಲಸ, ಸುಟ್ಟ ಮೋಟಾರುಗಳ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು. ವೈಂಡಿಂಗ್ ಅಂಗಡಿ ಎಂದರೆ ಏನೆಂದು ಕಾಲುವೆ ಸೀಮೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕರೆಂಟು ಏರಿಳಿದ ಮರುದಿನ ಪಂಪಿನ ಮೋಟಾರುಗಳು ಬಾಗಿಲ ಮುಂದೆ ಪಾಳಿ ಹಚ್ಚುತ್ತವೆ. ಇವತ್ತೂ ಐದಾರು ಕೂತಿವೆ. ಯಮನೂರಮ್ಮ ಅವನ್ನೆಲ್ಲ ದಾಟಿ ಒಳಗೆ ಹೋಗಿ, ಬೆಂಚಿನ ಮೇಲಿನ ಪುಟ್ಟ ಮೋಟಾರೊಂದನ್ನು ಕೈಗೆತ್ತಿಕೊಳ್ಳುತ್ತಾಳೆ. ತಂಬಿಗೆಯಷ್ಟು ಗಾತ್ರ. ಕರ್ರಗೆ ಸುಟ್ಟಿದೆ. ಉಳಿ ಹಿಡಿದು ಅದರ ತಂತಿ ಕೀಳತೊಡಗುತ್ತಾಳೆ.

"ರೈತರ ಮೋಟಾರ್ ಹೊರಗ ಕುಂತಾವು, ಇಕಿ ಟಗರಿನ ಸೇವಾ ಮಾಡಾಕತ್ತಾಳ," ಎಂದು ಮೂಲೆಯ ಕುರ್ಚಿಯಿಂದ ನೂರಸಾಬ ಗೊಣಗುತ್ತಾರೆ. ಅಂಗಡಿ ಅವರದೇ. ಕಣ್ಣಿಗೆ ಪೊರೆ ಬಂದಮೇಲೆ ಚಹಾ ಕುಡಿಯುವುದು, ಬೈಯುವುದು ಎರಡೇ ಕೆಲಸ ಇಟ್ಟುಕೊಂಡಿದ್ದಾರೆ.

"ರೈತರು ಎಂಟಕ್ಕ ಬರ್ತಾರ ಚಾಚಾ. ಅಷ್ಟರಾಗ ಇದರ ಹೊಟ್ಟಿ ತೊಳಿತೀನಿ."

"ಸೋತ ಟಗರಿನ ಹೊಟ್ಟಿ ತೊಳದ್ರೇನು, ಬೆನ್ನು ತೊಳದ್ರೇನು."

ಯಮನೂರಮ್ಮ ಇನ್ನೊಂದು ತಂತಿ ಕೀಳುತ್ತಾಳೆ. ಮೊನ್ನೆ ಭಾನುವಾರದ ಸೋಲು ಇನ್ನೂ ಅಂಗಡಿಯೊಳಗೇ ಇದೆ. ಗೋಡೆಗೆ ಆನಿಸಿ ನಿಲ್ಲಿಸಿದ, ಮೈಯೆಲ್ಲ ಗಾಯವಾದ ಕಬ್ಬಿಣದ ಯಂತ್ರ ಅದು. ಹೆಸರು 'ಎರಡಲ್ಲು'.

ಎರಡಲ್ಲು ಒಂದು ಕಾದಾಡುವ ರೋಬೋ. ದಪ್ಪ ಪಾರದರ್ಶಕ ಗೋಡೆಯ ಪಂಜರದೊಳಗೆ ಎರಡು ಯಂತ್ರಗಳನ್ನು ಬಿಡುತ್ತಾರೆ. ಹೊರಗೆ ನಿಂತವರು ರಿಮೋಟಿನಿಂದ ನಡೆಸುತ್ತಾರೆ. ಆಟ ಮೂರು ನಿಮಿಷ. ಯಾವುದಾದರೂ ಯಂತ್ರ ಅಲುಗದೆ ನಿಂತರೆ ಪಂಚರು ಹತ್ತರವರೆಗೆ ಎಣಿಸುತ್ತಾರೆ. ಅಷ್ಟರೊಳಗೆ ಎದ್ದರೆ ಆಟ ಮುಂದುವರಿಯುತ್ತದೆ, ಏಳದಿದ್ದರೆ ಸೋಲು. ಭಾರೀ ತೂಕದ ವರ್ಗದಲ್ಲಿ ಯಂತ್ರ ಅರವತ್ತು ಕಿಲೋ ಮೀರಬಾರದು. ಭತ್ತದ ಚೀಲಕ್ಕಿಂತ ಹಗುರ. ಎರಡಲ್ಲು ಮೊದಲ ಸಲ ತೂಗಿಸಿಕೊಂಡದ್ದೂ ಪಕ್ಕದ ಗಿರಣಿಯ ತಕ್ಕಡಿಯಲ್ಲೇ. ತೂಗಿದ ಹಮಾಲನೊಬ್ಬ "ಇದನ್ನ ಎಷ್ಟ ಕುಟ್ಟಿದ್ರ ಅಕ್ಕಿ ಆಗ್ತೈತಿ?" ಎಂದು ಕೇಳಿದ್ದನ್ನು ಓಣಿ ಇನ್ನೂ ಮರೆತಿಲ್ಲ.

ಟಗರು ಸತ್ತ ಮೇಲೆ ಕನಕಪ್ಪ ಮತ್ತೆ ಟಗರು ಕಟ್ಟಲಿಲ್ಲ. ಮಗಳನ್ನು ಕರೆದುಕೊಂಡು ನೀರಿದ್ದ ಕಡೆಗೆ ಬಂದ. ಅಪ್ಪ ಗಿರಣಿಯಲ್ಲಿ ಚೀಲ ಹೊತ್ತ, ಮಗಳು ಭತ್ತದ ಸಸಿ ನಾಟಿದಳು. ನಾಟಿ ಇಲ್ಲದ ದಿನಗಳಲ್ಲಿ ನೂರಸಾಬರ ಅಂಗಡಿಯಲ್ಲಿ ಸುಟ್ಟ ತಂತಿ ಕೀಳುವ ಕೂಲಿ. ಕೀಳುವ ಕೈಗೆ ಸುತ್ತುವ ಆಸೆ ಬಂತು. "ಹೆಣ್ಮಗಳ ಕೈಯಾಗ ಸುತ್ತಿಸಿದ್ರ ಪಂಪ್ ಎತ್ತತೈತೇನು?" ಎಂದು ಹೊಸಳ್ಳಿ ಕಡೆಯ ರೈತನೊಬ್ಬ ಕೇಳಿದಾಗ ನೂರಸಾಬರು, "ನೀರಿಗೇನ ಗೊತ್ತಪ್ಪಾ ಸುತ್ತಿದಾಕಿ ಯಾರಂತ," ಎಂದರಂತೆ. ಈಗ ಆಕೆ ದಿನಕ್ಕೆ ಎರಡು ಪಂಪಿನ ಮೋಟಾರು ಸುತ್ತುತ್ತಾಳೆ. ಸುಗ್ಗಿಯ ಮುಂಚೆ ನೀರಿನ ಪಾಳಿ ಬಿಗಿಯಾದಾಗ ಮೂರು. ಬೆರಳ ತುದಿಗಳಲ್ಲಿ ಗೆರೆ ಉಳಿದಿಲ್ಲ. ಆಧಾರ್ ಯಂತ್ರ ಆಕೆಯನ್ನು ಗುರುತಿಸಲು ಒಪ್ಪುವುದಿಲ್ಲ.

2017ರಲ್ಲಿ ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ಹುಡುಗರು ಸುಟ್ಟ ಪುಟ್ಟ ಮೋಟಾರು ಹಿಡಿದು ಬಂದರು.

"ಇದು ಯಾವ ಪಂಪಿಂದಪಾ?"

"ಪಂಪಲ್ಲಕ್ಕಾ, ರೋಬೋದ್ದು."

"ಏನ್ ಮಾಡ್ತೈತಿ?"

"ಗುದ್ದಾಡ್ತೈತಿ."

ಯಮನೂರಮ್ಮ ಕತ್ತರಿ ಕೆಳಗಿಟ್ಟಳು. "ಟಗರಿನಂಗ?"

ಆ ಸಂಜೆ ಅಂಗಡಿ ಬೇಗ ಮುಚ್ಚಿ, ಹುಡುಗರ ಹಿಂದೆ ಹೋಗಿ ನೋಡಿದಳು. ನೋಡಿದ್ದು ಅಷ್ಟೇನೂ ರುಚಿಸಲಿಲ್ಲ. "ಟಗರು ಗುದ್ದಬೇಕಂದ್ರ ಮೊದಲ ಹಿಂದ ಸರಿಬೇಕ್ರಿ. ಇವರದು ನಿಂತಲ್ಲೇ ಕೊಸರಾಡತಿತ್ತು, ಹಗ್ಗ ಬಿಗದ ಎಮ್ಮಿಯಂಗ." ಹಾಗಂದವಳು ಮರುದಿನವೂ ಹೋದಳು. ಮೂರನೇ ದಿನ ಯಂತ್ರವೇ ಅಂಗಡಿಗೆ ಬಂತು. ಆಮೇಲೆ ಅದು ಕಾಲೇಜಿಗೆ ಹೋಗಿದ್ದು ಪೂಜೆಗೆ, ಫೋಟೊಕ್ಕೆ ಮಾತ್ರ.

ಹುಡುಗರು ಓದು ಮುಗಿಸಿ ಹೋದರು, ಬೇರೆ ಹುಡುಗರು ಬಂದರು. ಯಂತ್ರ ಇಲ್ಲೇ ಉಳಿದು ಬೆಳೆಯಿತು. ಮುಂದುಗಡೆ ಗರಗರ ತಿರುಗುತ್ತ ಎದುರಾಳಿಯನ್ನು ಎತ್ತಿ ಒಗೆಯುವ ಉರುಳೆಯೇ ಇದರ ಆಯುಧ. ಅದನ್ನು ಮೊದಲು ಹಳೆಯ ಅಕ್ಕಿ ಗಿರಣಿಯ ಉರುಳೆಯಿಂದಲೇ ಮಾಡಿದ್ದರು. ಗಂಗಾವತಿಯಲ್ಲಿ ಉರುಳೆ ಎಂದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಖಾಲಿ ಗೋದಾಮಿನಲ್ಲಿ ಹಾಸುಗಲ್ಲಿಗೆ ಗುದ್ದಿಸಿ ನೋಡಿದರೆ ಮೊದಲ ಪೆಟ್ಟಿಗೇ ಮೂರು ಹೋಳು. ಒಂದು ಹೋಳು ನೂರಸಾಬರ ಟೋಪಿಯ ಮೇಲಿಂದ ಹಾದು ಗೋಡೆಗೆ ನೆಟ್ಟಿತು. ಅದು ಬೀಡು ಕಬ್ಬಿಣ, ಭತ್ತ ಸುಲಿಯುತ್ತದೆಯೇ ಹೊರತು ಪೆಟ್ಟು ತಾಳುವುದಿಲ್ಲ ಎಂಬುದು ಅಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ಆ ಹೋಳನ್ನು ಗೋಡೆಯಿಂದ ಇನ್ನೂ ಕಿತ್ತಿಲ್ಲ. ಬಂದವರಿಗೆಲ್ಲ ತೋರಿಸುತ್ತಾರೆ.

ಈಗಿನ ಉರುಳೆ ಗಿಣಿಗೇರಿ ಕಡೆಯ ಗುಜರಿಯಿಂದ ತಂದ ಉಕ್ಕಿನದು. ಅದಕ್ಕೆ ಬೆಸೆದದ್ದು ಜೆಸಿಬಿ ಬಕೆಟ್ಟಿನ ಎರಡು ಹಲ್ಲು. ಟಗರುಗಳನ್ನು ಕಣಕ್ಕೆ ಬಿಡುವಾಗ ವಯಸ್ಸು ತಿಳಿಯಲು ಹಲ್ಲು ಎಣಿಸಿ ಜೋಡಿ ಮಾಡುತ್ತಾರೆ. ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದೇ ಜೊತೆ. ಅದಕ್ಕೇ ಈ ಹೆಸರು. ರಿಮೋಟು, ಒಳಗಿನ ವೈರು, ಬೆಸುಗೆ ಎಲ್ಲ ನೂರಸಾಬರ ಮಗಳು ಹಸನಬೀಯದು. ಅಂಗಡಿಯ ಇನ್ನೊಂದು ಬದಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಆಕೆ ಮಾತು ಕಡಿಮೆ ಆಡುತ್ತಾಳೆ.

ಮೋಟಾರು ಯಮನೂರಮ್ಮನ ಪಾಲು. ತಂತಿ ದಪ್ಪ ಮಾಡಿ ಸುತ್ತು ಕಡಿಮೆ ಮಾಡಿದರೆ ಓಟ ಹೆಚ್ಚು. ಆದರೆ ಬೇಗ ಕಾಯುತ್ತದೆ. ಆಸೆ ಹೆಚ್ಚಾಗಿ ಸುತ್ತು ತೀರ ಇಳಿಸಿದ ವರ್ಷ, ಯಂತ್ರ ಎದುರಾಳಿಯನ್ನು ಮುಟ್ಟುವ ಮೊದಲೇ ಪಂಜರದ ತುಂಬ ಹೊಗೆಯಾಗಿ ಆಟ ಮುಗಿದಿತ್ತು. ಉರುಳೆ ಪೂರ್ತಿ ಓಟದಲ್ಲಿದ್ದಾಗ ಗಕ್ಕನೆ ಪಕ್ಕಕ್ಕೆ ತಿರುಗಿಸಿದರೆ ಯಂತ್ರದ ಒಂದು ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಹುಡುಗರಿಗೆ ಅದು ದೋಷ. ಯಮನೂರಮ್ಮ ಮಾತ್ರ ಅದನ್ನು ಎಷ್ಟು ನೋಡಿದರೂ ದಣಿಯಳು. "ನಮ್ಮಪ್ಪನ ಟಗರು ಗುದ್ದಾಕಿಂತ ಮೊದಲ ಹಿಂಗ ಮುಂಗಾಲು ಎತ್ತತಿತ್ತು. ಕಬ್ಬಿಣಕ್ಕ ಯಾರು ಕಲಿಸಿದ್ರಿ ಇದನ್ನ?"

ರಿಮೋಟು ಆಕೆಯ ಕೈಗೆ ಬಂದದ್ದು ಜಗಳದಿಂದ. ಅಭ್ಯಾಸದಲ್ಲಿ ಹುಡುಗರು ಒಂದೇ ವಾರ ಮೂರು ಮೋಟಾರು ಸುಟ್ಟರು. "ಸುಡಾವ್ರು ನೀವು, ಸುತ್ತಾಕಿ ನಾನು. ತಾ ಇಲ್ಲಿ," ಎಂದು ಕಸಿದುಕೊಂಡವಳು ಮತ್ತೆ ಬಿಡಲಿಲ್ಲ. ಅಭ್ಯಾಸ ಅಂಗಡಿ ಮುಚ್ಚಿದ ಮೇಲೆ, ಗೋದಾಮಿನಲ್ಲಿ. ಹಿಂದೆ ಸರಿದು, ಓಟ ತುಂಬಿಕೊಂಡು, ನೇರ ನುಗ್ಗುವುದು ಆಕೆಯ ವರಸೆ.

ಎರಡಲ್ಲು ಒಮ್ಮೆ ಮೂರನೇ, ಒಮ್ಮೆ ಎರಡನೇ ಸ್ಥಾನ ಪಡೆದಿದೆ. ಆಗ ಕಾಲೇಜಿನ ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಫೋಟೊ ಇತ್ತು, ಪ್ರಾಂಶುಪಾಲರ ಫೋಟೊ ಇತ್ತು, ಯಂತ್ರದ ಫೋಟೊ ಇತ್ತು. ಯಮನೂರಮ್ಮನ ಕೊರಳಿಗೆ ಹಾಕಿದ ಪಾಸಿನಲ್ಲಿ 'ಸಹಾಯಕಿ' ಎಂದಿತ್ತು. ಯಾರಿಗೆ ಸಹಾಯಕಿ ಎಂದು ಬರೆದಿರಲಿಲ್ಲ. ಸ್ಪರ್ಧೆಗೆ ಇಳಿಯಲು ಕಾಲೇಜಿನ ಹೆಸರು ಬೇಕೇ ಬೇಕು. ಅದನ್ನು ತಪ್ಪಿಸಿಕೊಳ್ಳಲು ಇರುವ ದಾರಿ ಒಂದೇ: ಮೊದಲ ಸ್ಥಾನ ಪಡೆದ ಯಂತ್ರ ಮರುವರ್ಷ ತನಗೆ ಬೇಕಾದ ಹೆಸರಿನಲ್ಲಿ ಇಳಿಯಬಹುದು. ಯಮನೂರಮ್ಮನಿಗೆ ಬೇಕಾದ್ದು ಅದು. "ಗೆದ್ದ ಕಪ್ ಬ್ಯಾಡ್ರಿ, ಅದಕ ಧೂಳ ಹಿಡಿತೈತಿ. ಮೈಕಿನ್ಯಾಗ ಒಮ್ಮಿ ಕೂಗಬೇಕು: ನೂರಸಾಬ ವೈಂಡಿಂಗ್ ಅಂಗಡಿ, ಗಂಗಾವತಿ, ನಡಸಾಕಿ ಯಮನೂರಮ್ಮ, ರಿಮೋಟ್ ಹಸನಬೀ. ಅಷ್ಟ."

ಮೊನ್ನೆ ಭಾನುವಾರ ಕೊಪ್ಪಳದಲ್ಲಿ ಅದು ಕೈಯಳತೆಯಲ್ಲಿತ್ತು. ಫೈನಲ್ ಪಂದ್ಯದ ಎರಡನೇ ನಿಮಿಷದಲ್ಲಿ ಎರಡಲ್ಲಿನ ಪೆಟ್ಟಿಗೆ ಹೊರಜಿಲ್ಲೆಯ ಯಂತ್ರ ಗಿರ್ರನೆ ತಿರುಗಿ, ಬೆನ್ನು ಈ ಕಡೆ ಮಾಡಿ ನಿಂತುಬಿಟ್ಟಿತು. ಪಂಚರು ಎಣಿಸತೊಡಗಿದರು. ಎಣಿಕೆ ಮುಗಿಯುವವರೆಗೂ ಗುದ್ದಬಹುದು, ನಿಯಮ ಅಡ್ಡಿ ಮಾಡುವುದಿಲ್ಲ. ಹುಡುಗರು ಗುದ್ದಕ್ಕಾ, ಗುದ್ದಕ್ಕಾ ಎಂದು ಕಿರುಚಿದರು. ಎರಡಲ್ಲು ಹಿಂದೆ ಸರಿಯಿತು. ಇನ್ನೇನು ನುಗ್ಗುತ್ತದೆ ಎಂದು ಎಲ್ಲರೂ ಉಸಿರು ಹಿಡಿದರು. ಅದು ನುಗ್ಗಲಿಲ್ಲ. ಎಣಿಕೆ ಏಳಕ್ಕೆ ಬರುವಷ್ಟರಲ್ಲಿ ಎದುರಿನದು ಮಿಸುಕಾಡಿತು, ತಿರುಗಿತು, ನಿಂತೇ ಇದ್ದ ಎರಡಲ್ಲಿನ ಹೊಟ್ಟೆಯಡಿಗೆ ನುಗ್ಗಿ ಎತ್ತಿ ಒಗೆಯಿತು. ಚಕ್ರ ಮೇಲಾಗಿ ಬಿದ್ದ ಎರಡಲ್ಲು ಹತ್ತರ ತನಕ ಒದ್ದಾಡಿ ಮೋಟಾರು ಸುಟ್ಟುಕೊಂಡಿತು.

ಆಕೆ ಏಕೆ ಗುದ್ದಲಿಲ್ಲ ಎಂದು ಹುಡುಗರು ಕೇಳಲಿಲ್ಲ. ರಿಮೋಟು ಕೈಕೊಟ್ಟಿದೆ ಎಂದು ತಾವೇ ತಿಳಿದುಕೊಂಡರು.

ಏಳು ಗಂಟೆಗೆ ಅಂಗಡಿ ಮುಂದೆ ಬೈಕು ನಿಲ್ಲುತ್ತದೆ. ಕಾಲೇಜಿನ ಉಪನ್ಯಾಸಕ ಪ್ರವೀಣಕುಮಾರ. ಕೆಟ್ಟ ಮನುಷ್ಯನಲ್ಲ. ಬರುವಾಗ ನೂರಸಾಬರಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದಾರೆ.

"ಯಮನೂರಮ್ಮಾರ, ಪಂಚರ ಕಡೆಯಿಂದ ಈಗ ಫೋನ್ ಬರ್ತೈತಿ. ರಿಮೋಟ್ ಸಿಗ್ನಲ್ ಕಟ್ ಆಗಿತ್ತು ಅಂತ ನಾ ಹೇಳೇನಿ. ನಡಸಿದವರ ಬಾಯಿಂದ ಒಂದ ಮಾತು ಬೇಕಂತ. ಹೌದು ಅಂದ್ರ ಫೈನಲ್ ಮತ್ತ ಆಡಸ್ತಾರ. ಗೆದ್ರ ಮುಂದಿನ ವರ್ಷ ನಿಮ್ಮ ಹೆಸರಿನ್ಯಾಗ ಇಳೀರಿ. ನಿಮ್ಮ ಫ್ಲೆಕ್ಸ್ ನಾನ ಕಟ್ಟಸ್ತೀನಿ."

"ರಿಮೋಟ್ ಕೆಟ್ಟಿರಲಿಲ್ರಿ ಸರ."

"ಮತ್ಯಾಕ ಗುದ್ದಲಿಲ್ಲ?"

"ಮುಖ ತಿರುವಿ ನಿಂತದ್ದಕ್ಕ ಗುದ್ದಸಬಾರದ್ರಿ."

"ಅದು ಟಗರಲ್ಲ. ಅದಕ ಮುಖ ಎಲ್ಲೈತ್ರಿ? ಜೀವ ಎಲ್ಲೈತಿ?"

"ಅದಕ ಇಲ್ಲ ಖರೆ. ಗುಂಡಿ ಒತ್ತಾಕಿಗೆ ಐತಲ್ರಿ."

"ಇದನ್ನ ಅವರ ಮುಂದ ಹೇಳಿದ್ರ ನಗ್ತಾರ."

"ನಗಲಿ ಬಿಡ್ರಿ. ನಮ್ಮಪ್ಪನ ಟಗರು ಬಿದ್ದಾಗೂ ಮಂದಿ ನಕ್ಕಿತ್ತು."

"ರಿಮೋಟ್ ಕೆಡ್ತು ಅಂದ್ರ ಯಾರಿಗೆ ಲುಕ್ಸಾನು? ಮಷೀನ್ ಅಂದ ಮ್ಯಾಲೆ ಕೆಡ್ತೈತಿ."

ಯಮನೂರಮ್ಮ ಅಂಗಡಿಯ ಇನ್ನೊಂದು ಬದಿಗೆ ನೋಡುತ್ತಾಳೆ. ಹಸನಬೀ ಯಾರದೋ ಮೊಬೈಲಿನ ಮೇಲೆ ಬಾಗಿದ್ದಾಳೆ. ಬೆಸುಗೆಯ ಸಣ್ಣ ಹೊಗೆ ಆಕೆಯ ಮುಖದ ಮುಂದೆ ಏಳುತ್ತಿದೆ. ತಲೆ ಎತ್ತದೆಯೇ ಹೇಳುತ್ತಾಳೆ: "ಅನ್ನಕ್ಕಾ. ನನ್ನ ಬೆಸುಗಿ ಬಿಟ್ಟಿತ್ತು ಅನ್ನು. ನಿನ್ನ ಹೆಸರು ಬರತೈತಿ ಅಂದ್ರ ನಂಗೇನಿಲ್ಲ."

ನೂರಸಾಬರ ಕೈಯ ಮಿರ್ಚಿ ಅರ್ಧಕ್ಕೇ ನಿಲ್ಲುತ್ತದೆ.

ಫೋನು ಬರುತ್ತದೆ. ಪ್ರವೀಣಕುಮಾರ ಅದನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲೆ, ಕಿತ್ತ ತಂತಿಗಳ ನಡುವೆ ಇಡುತ್ತಾರೆ. ಆಚೆಯಿಂದ ಪಂಚರ ಪೈಕಿ ಹಿರಿಯರಾದ ದುರ್ಗಾದೇವಿಯವರ ದನಿ.

"ಯಮನೂರಮ್ಮ ಅವರಾ? ಫೈನಲ್‌ನಲ್ಲಿ ನಿಮ್ಮ ಯಂತ್ರ ಹಿಂದೆ ಸರಿದು ಅಲ್ಲೇ ನಿಂತಿತಲ್ಲ, ಆಗ ರಿಮೋಟ್ ಕೆಟ್ಟಿತ್ತಾ? ಹೌದಾದರೆ ಹೌದು ಅನ್ನಿ, ಸಾಕು."

ಪ್ರವೀಣಕುಮಾರ ಬಾಗಿ ಪಿಸುಗುಟ್ಟುತ್ತಾರೆ: "ಹೌದ್ರಿ ಅನ್ರಿ."

"ಅನ್ನಂಗಿಲ್ರಿ ಸರ," ಎನ್ನುತ್ತಾಳೆ ಯಮನೂರಮ್ಮ, ಫೋನಿಗೂ ಕೇಳುವಷ್ಟು ಗಟ್ಟಿಯಾಗಿ. ಕೈಯಲ್ಲಿದ್ದ ಉಳಿ ಕೆಳಗಿಟ್ಟು ಫೋನಿನತ್ತ ಬಾಗುತ್ತಾಳೆ. "ರಿಮೋಟ್ ಛಲೋ ಐತ್ರಿ ಅವ್ವಾರ. ಹಸನಬೀ ಬೆಸುಗಿ ಇವತ್ತಿಗೂ ಬಿಟ್ಟಿಲ್ಲ. ಎದುರಿಂದು ಮುಖ ತಿರುವಿತ್ತು. ಗುದ್ದದ ನಿಂತಾಕಿ ನಾನು."