ಕೆಂಡದ ಮೇಲೆ ಬಿಟ್ಟ ತುಪ್ಪ

ನೀಲವ್ವನ ಮನೆಯ ಹೋಳಿಗೆಯಲ್ಲಿ ತುಪ್ಪ ಇರಲಿಲ್ಲ. ತುಪ್ಪ ಇದ್ದದ್ದು ನಾನು ಮಾಡುತ್ತಿದ್ದ ಚಟ್ನಿಯಲ್ಲಿ. ನಮ್ಮ ಅತ್ತೆಯ ಹರಕೆ ಕೆಡಿಸಿದವಳು ನಾನು. ಅದರ ಶಿಕ್ಷೆ ಉಂಡವರು ಅತ್ತೆಯ ಒಡಹುಟ್ಟಿದ ತಂಗಿ ನೀಲವ್ವ. ಇಷ್ಟು ಹೇಳಲು ನನಗೆ ಇಡೀ ಜನ್ಮವೇ ಬೇಕಾಯಿತು. ಮಾತಿಗೆ ಹಿಂಜರಿಯುವ ಹೆಂಗಸೇನಲ್ಲ ನಾನು — ಸವಣೂರಿನ ಸಂತೆಯಲ್ಲಿ ಕಾಯಿಪಲ್ಲೆಯವರು ನನ್ನನ್ನು ಕಂಡರೆ ತಕ್ಕಡಿ ಸರಿಯಾಗಿ ಹಿಡಿಯುತ್ತಿದ್ದರು, ಅಂಥ ಬಾಯಿ ನನ್ನದು. ಆದರೆ ಆಡಬೇಕಾದ ಆ ಒಂದು ಮಾತು ಮಾತ್ರ — ಏನು ಮಾಡಿದರೂ ಗಂಟಲಿನಿಂದ ಮೇಲೆ ಬರಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ನಮ್ಮವರು ಮನೆಯಲ್ಲಿ ಏನೋ ಮಾತಿಗೆ ಮಾತು ಬೆಳೆದು, ಸಿಟ್ಟು ಮಾಡಿಕೊಂಡು ಬೆಳಗಾವಿಗೆ ಹೋಗಿ ಲಷ್ಕರಕ್ಕೆ ಸೇರಿಬಿಟ್ಟರು. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರು ಅತ್ತೆ ಗಂಗವ್ವ, ನಾನು, ಹಿತ್ತಲಿನಲ್ಲಿ ಒಂದು ಎಮ್ಮೆ. ಮಗನನ್ನು ಬ್ರಹ್ಮದೇಶದ ಕಡೆ ಕಳಿಸಿದರಂತೆ ಎಂಬ ಸುದ್ದಿ ಬಂದದ್ದೇ ತಡ, ಅತ್ತೆ ಚಕ್ಕಡಿ ಹೂಡಿಸಿಕೊಂಡು ಹಾನಗಲ್ಲಿಗೆ ಹೋಗಿ, ತಾರಕೇಶ್ವರನ ಮುಂದೆ ಹರಕೆ ಹೊತ್ತು ಬಂದರು.

"ಅಂವಾ ಹೆಂಗ ಹೋಗ್ಯಾನ, ಹಂಗ ಇಡಿಯಾಗಿ ತಿರುಗಿ ಬರೂತನಕ ನಾ ಹೈನ ಮುಟ್ಟೂದಿಲ್ಲ, ಶಾಂತಾ. ಹಾಲು, ಮಸರು, ಮಜ್ಜಿಗಿ, ತುಪ್ಪ — ಒಂದ ಹನಿ ಬಾಯಾಗ ಹ್ವಾದ್ರೂ ಹರಕಿ ಮುರೀತು ಅಂತ ತಿಳಕೋ."

ಮೊಸರಿಲ್ಲದೆ ಒಂದು ತುತ್ತು ಎತ್ತದಿದ್ದ ಹೆಂಗಸು ಅವರು. ಹಲ್ಲು ಅರ್ಧ ಬಿದ್ದಿದ್ದವು. ಬರಿಯ ರೊಟ್ಟಿ ಗಂಟಲಲ್ಲಿ ಇಳಿಯದೆ ಎರಡು ಚೂರು ಮುರಿದು ಗಂಗಾಳ ಸರಿಸಿಬಿಡುತ್ತಿದ್ದರು. ಕರೆದ ಹಾಲಿನ ತುಪ್ಪವನ್ನೆಲ್ಲ ನನ್ನ ಮುಂದಿಟ್ಟು, "ನೀ ಉಣ್ಣವಾ, ನಿನಗೇನ ಹರಕಿ ಇಲ್ಲ" ಎನ್ನುತ್ತಿದ್ದರು. ಅವರ ಕೈಯ ಬೆಳ್ಳಿ ಕಡಗ ಸಡಿಲಾಗುತ್ತ ಮೊಣಕೈಗೆ ಹತ್ತುವುದನ್ನು ನೋಡುವಾಗ ನನಗೆ ಜೀವ ಝಲ್ಲೆನ್ನುತ್ತಿತ್ತು. ಗಂಡ ದೂರದ ರಣದಲ್ಲಿ, ಇವರೂ ಹೋಗಿಬಿಟ್ಟರೆ — ನಾನು ಯಾರ ಮುಖ ನೋಡಿಕೊಂಡು ಇರಲಿ?

ಆಗ ದಾರಿ ಹೇಳಿಕೊಟ್ಟವಳು ಪಕ್ಕದ ಮನೆಯ ಖತೀಜಾಬಿ. ಆಕೆಯ ತಾಯಿ ನವಾಬರ ವಾಡೆಯ ಅಡುಗೆಮನೆಯಲ್ಲಿ ದುಡಿದವಳು. ಗೋಡೆಯ ಆಚೆಯಿಂದಲೇ ಹೇಳಿದಳು:

"ಬದನಿಕಾಯಿ ಸುಟ್ಟು ಚಟ್ನಿ ಮಾಡ್ತೀರಲ್ರಿ ಶಾಂತಕ್ಕ, ಅದಕ್ಕ ಕೆಂಡದ ಹೊಗಿ ಹಿಡಸ್ರಿ. ಮುದುಕಿ ಬೆರಳ ನೆಕ್ಕಿ ಉಣ್ತಾರ. ನಾವು ತುಪ್ಪ ಬಿಡ್ತೇವಿ. ನಿಮ್ಮ ಅತ್ತ್ಯಾರು ಹರಕಿ ಹಿಡದಾರ, ನೀವು ಎಣ್ಣಿ ಬಿಡ್ರಿ ಮತ್ತ. ಮರೀಬ್ಯಾಡ್ರಿ."

ಮರೆಯಬೇಡಿ ಎಂದಿದ್ದಳು. ಆಕೆಯ ಮೇಲೆ ಒಂದು ಕೂದಲಷ್ಟು ತಪ್ಪು ಇಲ್ಲ.

ಮಾಡುವುದು ಬಲು ಸುಲಭ. ರೊಟ್ಟಿ ಬೇಯಿಸಿ ಮುಗಿಯುವಷ್ಟರಲ್ಲಿ ಆಗಿಬಿಡುತ್ತದೆ. ಒಲೆಯ ಕೆಂಡದಲ್ಲಿ ಬದನೆಕಾಯಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹೂತಿಟ್ಟು ಸುಟ್ಟು, ಸಿಪ್ಪೆ ಸುಲಿದು, ಹುರಿದ ಶೇಂಗಾ, ಉಪ್ಪು, ಹುಣಸೆಹುಳಿ ಕೂಡಿಸಿ ಒರಳಿನಲ್ಲಿ ಅರೆದು, ರೊಟ್ಟಿ ಅದ್ದುವಷ್ಟು ತೆಳ್ಳಗೆ ಮಾಡಿಕೊಳ್ಳುವುದು. ಅದರ ನಡುವೆ ಬಟ್ಟಲಿನಂಥ ಒಂದು ಉಳ್ಳಾಗಡ್ಡಿ ಸಿಪ್ಪೆಯಿಟ್ಟು, ಸಿಪ್ಪೆಯಲ್ಲಿ ನಿಗಿನಿಗಿ ಕೆಂಡವಿಟ್ಟು, ಕೆಂಡದ ಮೇಲೆ ಒಂದು ಹನಿ ಎಣ್ಣೆ. ಹೊಗೆ ಎದ್ದೊಡನೆ ಮುಚ್ಚಳ. ತುಸು ಹೊತ್ತು ಬಿಟ್ಟು ಕೆಂಡ ತೆಗೆದುಬಿಟ್ಟರೆ ಆಯಿತು.

ಮೊದಲು ಕುಸುಬಿ ಎಣ್ಣೆಯನ್ನೇ ಬಿಟ್ಟೆ. ದೇವರಾಣೆ, ಅದನ್ನೇ ಬಿಟ್ಟೆ. ಆ ಹಾಳು ಯುದ್ಧದ ಕಾಲದ ಎಣ್ಣೆಯೋ, ನನ್ನ ಕೈಯೋ — ಅತ್ತೆ ಒಂದು ಚೂರು ಅದ್ದಿ ಬಾಯಿಗಿಟ್ಟು, "ಕಂದೀಲ ವಾಸನಿ ಬರತೈತಲ್ಲವಾ" ಎಂದು ಗಂಗಾಳ ಸರಿಸಿದರು. ಮರುದಿನವೂ ಹಾಗೇ. ಅದರ ಮರುದಿನ ನೆಲುವಿನಲ್ಲಿ ತೂಗುತ್ತಿದ್ದ ತುಪ್ಪದ ಗಡಿಗೆ ನನ್ನ ಕಣ್ಣಿಗೆ ಬಿತ್ತು. ಅತ್ತೆ ಹಿತ್ತಲಿನಲ್ಲಿದ್ದರು. ಒಂದೇ ಹನಿ ಬಿಟ್ಟೆ.

ಅತ್ತೆ ಅಂದು ರೊಟ್ಟಿ ಪೂರ್ತಿ ಉಂಡರು. ಮತ್ತೊಂದು ಕೇಳಿ ಹಾಕಿಸಿಕೊಂಡರು. "ಈಗ ನೋಡು, ಕೈ ಕುದುರಿತು ನಿಂದು!" ಎಂದು ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನು ಒಲೆಯ ಕಡೆ ತಿರುಗಿ ಕುಳಿತು ನನ್ನಷ್ಟಕ್ಕೆ ವಾದ ಹೂಡಿದೆ — ತುಪ್ಪ ಬಿದ್ದದ್ದು ಕೆಂಡದ ಮೇಲೆ, ಚಟ್ನಿಯಲ್ಲಿ ಅಲ್ಲ. ಕೆಂಡ ತೆಗೆದು ಬಿಸಾಕಿದ್ದೇನೆ. ಉಳಿದದ್ದು ಬರಿಯ ಹೊಗೆ. ಹೊಗೆ ಹೈನವಾಗುತ್ತದೆಯೇ? ಅಷ್ಟು ಗಟ್ಟಿಯಾಗಿ ನಂಬಿದ್ದರೆ ಅವರ ಎದುರಿಗೇ ಬಿಡಬಹುದಿತ್ತಲ್ಲ. ಬಿಡಲಿಲ್ಲ. ದಿನವೂ ಅವರು ಹಿತ್ತಲಿಗೆ ಹೋಗುವುದನ್ನೇ ಕಾಯುತ್ತಿದ್ದೆ.

ಯುದ್ಧ ಮುಗಿಯಿತು. ನಮ್ಮವರು ಬಂದರು. ಅಂಗಳದಲ್ಲಿ ನಿಂತ ಮಗನನ್ನು ಅತ್ತೆ ಓಡಿ ಹೋಗಿ ತಬ್ಬಿಕೊಂಡರು. ಆಮೇಲೆ ಅಂಗಿಯ ಬಲತೋಳು ಬರಿದಾಗಿ ತೂಗುತ್ತಿದ್ದದ್ದು ಅವರ ಕೈಗೆ ಸಿಕ್ಕಿತು. ಮೊಣಕೈಯಿಂದ ಕೆಳಗೆ ಏನೂ ಇರಲಿಲ್ಲ.

ಬದುಕಿ ಬಂದರಲ್ಲ, ಅಷ್ಟೇ ಸಾಕು ಎಂದು ನಾನು ಅತ್ತುಬಿಟ್ಟೆ. ನಮ್ಮ ಅತ್ತೆ ಮಾತ್ರ ಅಳಲಿಲ್ಲ. ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತವರು ಒಂದೇ ಮಾತು ಹಿಡಿದರು — ಇಡಿಯಾಗಿ ಕೊಡು ಅಂತ ಬೇಡಿದ್ದೆ. ಇಡಿಯಾಗಿ ಕೊಡಲಿಲ್ಲ ಅಂದರೆ ಎಲ್ಲೋ ನನ್ನ ಹರಕೆಯೇ ಕೆಟ್ಟಿತು. ಆಮೇಲೆ ನನ್ನನ್ನು ಕರೆದರು.

"ಶಾಂತಾ, ನಿನ್ನ ಕೈಲೆ ಏನರ ತಪ್ಪಿತೇನವಾ? ಖರೇ ಹೇಳು. ನಾ ಏನ ಅನ್ನೂದಿಲ್ಲ."

ಏನೂ ಅನ್ನುವುದಿಲ್ಲ ಎಂದಿದ್ದರು! ಎಷ್ಟು ಮೆತ್ತಗೆ ಕೇಳಿದ್ದರು. ನಮ್ಮವರು ಅಲ್ಲೇ ಕುಳಿತಿದ್ದರು, ಆ ಖಾಲಿ ತೋಳು ನನ್ನ ಕಡೆಗೇ ಇತ್ತು. ಹೌದೆಂದರೆ ಆ ಕೈ ಕಡಿದವಳು ನಾನೇ ಆಗುತ್ತೇನೆ ಎಂದು — ಛೇ, ಈಗ ಹೇಳುವಾಗ ಎಷ್ಟು ಹುಚ್ಚು ಅನಿಸುತ್ತದೆ —

"ಇಲ್ಲರಿ ಅತ್ತಿ" ಎಂದೆ.

"ಹಂಗಾರ ನೀಲೀನ! ಆಕಿ ಮನ್ಯಾಗಿನ ಹೋಳಿಗಿ!"

ಹರಕೆಯ ದಿನಗಳಲ್ಲೇ ಒಮ್ಮೆ, ಅಕ್ಕಿಆಲೂರಿನಲ್ಲಿ ನೀಲವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದಾಗ ಅತ್ತೆ ಹೋಗಿ ಅರ್ಧ ಹೋಳಿಗೆ ಉಂಡು ಬಂದಿದ್ದರು. ಹಂಚಿಗೆ ಎಣ್ಣೆಯನ್ನೇ ಸವರಿದ್ದೇನೆ ಎಂದು ತಂಗಿ ಹೇಳಿದ ಮೇಲೆಯೇ ಉಂಡಿದ್ದರು. ಈಗ ಅದು ಸುಳ್ಳೆಂದು ತೀರ್ಮಾನವಾಗಿಹೋಯಿತು. ನಮ್ಮವರು ರೇಗಿದರು. "ಗುಂಡ ಹೊಡದಾಂವಗ ನಿನ್ನ ಹೋಳಿಗಿ ಗೊತ್ತಿತ್ತೇನ ಬೇ?" ಎಂದರು. ಅತ್ತೆಯ ಕಿವಿಗೆ ಅದು ಬೀಳಲೇ ಇಲ್ಲ.

ಸುದ್ದಿ ತಿಳಿದು ನೀಲವ್ವ ಬಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತು ಒಳಗೆ ಬಿಡಲಿಲ್ಲ. ನೀಲವ್ವ ಕಟ್ಟೆಯ ಮೇಲೆ ಕುಸಿದು ಕುಳಿತು, ಕೊರಳಿನ ಲಿಂಗ ಹಿಡಿದು, "ಅಕ್ಕಾ, ಲಿಂಗ ಮುಟ್ಟಿ ಹೇಳ್ತೇನಿ, ಎಣ್ಣೀನ ಸವರೇನಿ. ನಿನ್ನ ಮಗಾ ನನಗ ಮಗಾ ಅಲ್ಲೇನ?" ಎಂದು ಬಿಕ್ಕಿ ಬಿಕ್ಕಿ ಅತ್ತರು. ನಾನು ಅತ್ತೆಯ ಬೆನ್ನ ಹಿಂದೆಯೇ ನಿಂತಿದ್ದೆ. ಒಂದು ಮಾತು — ಒಂದೇ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅತ್ತೆ ಬಾಗಿಲು ಹಾಕಿದರು. ಹಾಕಿದ ಬಾಗಿಲು ತೆಗೆಯಲು ನನಗೆ ಕೈ ಇರಲಿಲ್ಲವೇ? ಇತ್ತು. ನನಗಂತೂ ಎರಡೂ ಇದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ತಪ್ಪಿಗೆ ಪ್ರಾಯಶ್ಚಿತ್ತವೆಂದು ಅತ್ತೆ ಸಾಯುವವರೆಗೂ ಹೈನ ಮುಟ್ಟುವುದಿಲ್ಲವೆಂದು ಹೊಸ ಹರಕೆ ಹೊತ್ತರು. ಈ ಸಲವಾದರೂ ಕೆಡಿಸಬಾರದೆಂದು ನಾನು ಎಣ್ಣೆಗೆ ತಿರುಗಿದೆ. ಒಂದು ತುತ್ತಿಗೇ ಅವರಿಗೆ ರುಚಿ ಬದಲಾದದ್ದು ಗೊತ್ತಾಯಿತು. "ಮಗಾ ಕೈ ಕಳಕೊಂಡು ಬಂದಾನಂತ ನನ್ನ ಮ್ಯಾಲ ಸಿಟ್ಟೇನವಾ ನಿನಗ? ಚಟ್ನಿಯರ ಮನಸಿಟ್ಟು ಮಾಡ್ತಿದ್ದಿ" ಎಂದು ಕಣ್ಣೀರು ತಂದುಕೊಂಡರು. ಊಟ ಬಿಟ್ಟರು. ನೀರು ಕುಡಿದು ಮಲಗತೊಡಗಿದರು. ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದರು. ತುಪ್ಪ ಬಿಟ್ಟರೆ ಹರಕೆ ಹೋಗುತ್ತದೆ, ಬಿಡದಿದ್ದರೆ ಜೀವ ಹೋಗುತ್ತದೆ. ಯಾರನ್ನು ಕೇಳಲಿ? ಖತೀಜಾಬಿಯನ್ನು ಕೇಳಲೂ ಮುಖವಿರಲಿಲ್ಲ. ನಮ್ಮವರಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದರೋ ಏನೋ. ಅವರಿಗೂ ಹೇಳಲಿಲ್ಲ. ಮತ್ತೆ ನೆಲುವಿಗೆ ಕೈ ಹಾಕಿದೆ. ಅತ್ತೆ ಮತ್ತೆ ಉಂಡರು, ಮತ್ತೆ ನನ್ನ ಕೈ ಹೊಗಳಿದರು. ದೇವರಿಗೆ ಅವರು ದಿನಾಲೂ ಕೊಡುತ್ತಿದ್ದದ್ದನ್ನು ನಾನು ದಿನಾಲೂ ಕಸಿದುಕೊಂಡೆ. ವರ್ಷಗಟ್ಟಲೆ.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ಹಾಸಿಗೆ ಹಿಡಿದರು. ಕೊನೆಯ ದಿನ ನಮ್ಮವರೇ ಅಕ್ಕಿಆಲೂರಿಗೆ ಹೇಳಿ ಕಳಿಸಿ ನೀಲವ್ವನನ್ನು ಕರೆಸಿದರು. ಈ ಸಲ ಬಾಗಿಲಿಗೆ ಅಡ್ಡ ನಿಲ್ಲುವ ಶಕ್ತಿ ಅತ್ತೆಗೆ ಇರಲಿಲ್ಲ. ನೀಲವ್ವ ಹಾಸಿಗೆಯ ಪಕ್ಕ ಕುಳಿತು, ಸಣ್ಣ ಬಟ್ಟಲಿನಿಂದ ನೀರು ಬಿಡಲು ಹೋದರು. ಅತ್ತೆ ತುಟಿ ಬಿಗಿಹಿಡಿದರು. ನೀರು ಗಲ್ಲದ ಮೇಲಿಂದ ಹರಿದು ದಿಂಬಿಗೆ ಇಳಿಯಿತು.

"ನೀಲೀ ಕೈಯಿಂದ ಬ್ಯಾಡ. ಶಾಂತಾನ ಕರೀರಿ. ಆಕಿ ಕೈ ಸ್ವಚ್ಛ ಐತಿ."

ಬಟ್ಟಲು ನನ್ನ ಕೈಗೆ ಬಂತು. ಹೇಳು, ಈಗಾದರೂ ಹೇಳು ಎಂದು ಒಳಗೆ ಯಾರೋ ಕೂಗುತ್ತಲೇ ಇದ್ದರು. ಹೇಳಿದರೆ, ಸಾಯುವ ಮುದುಕಿಗೆ ಎರಡು ಹರಕೆಯೂ ಇಲ್ಲ, ಸೊಸೆಯೂ ಇಲ್ಲ. ಹೇಳದಿದ್ದರೆ ಪಕ್ಕದಲ್ಲಿ ಕುಳಿತ ತಂಗಿಗೆ ಅಕ್ಕನೇ ಇಲ್ಲ. ನಾನು ನೀರು ಬಿಟ್ಟೆ. ಅವರು ಕುಡಿದರು.

ಜೀವ ಹೋದ ಮೇಲೆ ನೀಲವ್ವ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು.

"ನನ್ನ ಹಣ್ಯಾಗ ಬರದಿರಲಿಲ್ಲವಾ. ನೀ ಆದ್ರೂ ನಮ್ಮಕ್ಕನ ಬಾಯಿಗೆ ನೀರ ಬಿಟ್ಟಿ. ನಿನ್ನಂಥಾ ಸೊಸಿ ಸಿಗಾಕ ಆಕಿ ಪುಣ್ಯಾ ಮಾಡಿದ್ಲು."

ಆಗಲೂ ಹೇಳಬಹುದಿತ್ತು. ಅವರು ಬದುಕಿದ್ದರು, ನನ್ನೆದುರಿಗೇ ಇದ್ದರು. ಆ ದಿನ ಬಿಟ್ಟರೆ ಮತ್ತೆ ಅವರನ್ನು ನಾನು ಕಾಣಲಿಲ್ಲ. ಹೇಳುವ ಬದಲು ಬಗ್ಗಿ ಅವರ ಕಾಲು ಮುಟ್ಟಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.