ಎರಡು ತಳದ ಟ್ರಂಕು

ಅಸಲು ಕಾಗದವನ್ನು ನಾನು ಯಾರ ಕೈಗೂ ಕೊಡುವವನಲ್ಲ. ಆರನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಇದನ್ನು ಮಾತ್ರ ಸಾಲೆಯ ಹೊರಗೆ ಚೆನ್ನಾಗಿ ಕಲಿತೆ. ಸಂಶಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಒಮ್ಮೆ ಮೊಬೈಲ್ ಅಂಗಡಿಯವನೊಬ್ಬನ ಕೈಗೆ ನನ್ನ ಓಟಿನ ಕಾರ್ಡು ಕೊಟ್ಟು, ಅವನು ಝೆರಾಕ್ಸ್ ತೆಗೆಯುವಷ್ಟರಲ್ಲಿ ಚಹಾ ಕುಡಿದು ಬಂದಿದ್ದೆ. ಕೆಲವು ತಿಂಗಳಾದ ಮೇಲೆ ಎಲ್ಲಿಯೋ ದೂರದ ಊರಿನ ಪೊಲೀಸರು ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಹೆಸರಿನ ಸಿಮ್ಮಿನಿಂದ ಯಾರೋ ಯಾರಿಗೋ ಮೋಸ ಮಾಡಿದ್ದರಂತೆ. ಎರಡು ದಿನ ಠಾಣೆಯ ಬೆಂಚಿನ ಮೇಲೆ ಕುಳಿತೆ. ತಿರುಗಿ ಬಂದಾಗ, ನಾನೇ ಮಾಡಿಕೊಟ್ಟ ಗೇಟಿನ ಹಿಂದೆ ನಿಂತು ಜನ ನನ್ನನ್ನು ನೋಡಿದರು. ಆ ನೋಟ ನಾನು ಮರೆತಿಲ್ಲ.

ಆದ್ದರಿಂದ ನೇಪಾಳದ ಯಾತ್ರೆಗೆ ಹೊರಡುವ ಮೊದಲು ಏಜೆಂಟ್ ನಮ್ಮ ಮನೆಗೆ ಬಂದು ಓಟಿನ ಕಾರ್ಡಿನ ಅಸಲು ಕೇಳಿದಾಗ ನನ್ನ ಕಿವಿ ನಿಮಿರಿದವು.

ಈ ಏಜೆಂಟ್ ಗುಡಗೇರಿಯವನು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವನು. ನಾನು ಬಿಟ್ಟೆ, ಅವನು ಮುಂದೆ ಓದಿದ. ಈಗ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹಿರಿಯರನ್ನು ಕಟ್ಟಿಕೊಂಡು ಕಾಶಿ, ನೇಪಾಳ ಅಂತ ಹೋಗುತ್ತಾನೆ. ಐದನೆಯ ಇಯತ್ತೆಯಲ್ಲಿ ನನ್ನ ಲೆಕ್ಕ ನೋಡಿ ಬರೆದು ಮಾಸ್ತರರಿಂದ ಶಾಬಾಶ್ ಅನ್ನಿಸಿಕೊಂಡವನು ಅವನು. ನಾನೇ ಅವನದನ್ನು ನೋಡಿ ಬರೆದೆನೆಂದು ಅದೇ ದಿನ ನನಗೆ ಬೆತ್ತದ ಏಟು ಬಿದ್ದಿತ್ತು.

"ಅಸಲು ಯಾಕ? ಝೆರಾಕ್ಸ್ ತಗೊ," ಅಂದೆ.

"ಗಡಿಯಾಗ ಝೆರಾಕ್ಸ್ ನಡಿಯಂಗಿಲ್ಲೋ. ಮೂವತ್ತೆಂಟು ಮಂದಿ ಅದಾರ, ಎಲ್ಲಾ ವಯಸ್ಸಾದವರು. ಒಬ್ರು ಕಾರ್ಡ ಕಳಕೊಂಡ್ರ ಇಡೀ ಬಸ್ಸ ನಿಲ್ತೈತಿ. ಎಲ್ಲಾರದೂ ಒಂದ ಚೀಲದಾಗ ಇದ್ರ ಛಲೋ."

"ನಮ್ಮವು ನನ್ನ ಕಡೆ ಇರ್ತಾವ."

"ನೀ ಬದಲಾಗಂಗಿಲ್ಲ ಬಿಡಲೇ."

"ನೀ ಬದಲಾಗೀಯೇನ?"

ಅವನು ನಕ್ಕು ನಮ್ಮವ್ವನ ಕಡೆ ತಿರುಗಿದ. "ನೋಡ್ರಿ ಯವ್ವಾ, ನಿಮ್ಮ ಮಗಾ ನನ್ನ ನಂಬಂಗಿಲ್ಲ."

"ಅಂವ ಹೆತ್ತ ತಾಯಿನ್ನ ನಂಬಂಗಿಲ್ಲ ತಮ್ಮಾ. ಹಾಲಾಗ ನೀರ ಹಾಕೀನೇನಂತ ನನ್ನನ್ನೂ ಕೇಳ್ತಾನ," ಅಂದಳು ಅವ್ವ.

ಅವ್ವ ಹೋಗಲೇಬೇಕಿತ್ತು. ಅಪ್ಪ ಇದ್ದಾಗ ಇಬ್ಬರೂ ಕೇದಾರಕ್ಕೆ ಹೋಗಿ ಬಂದಿದ್ದರು. ಕೇದಾರದಲ್ಲಿ ಕಾಣುವುದು ಶಿವನ ಬೆನ್ನು, ಮುಖ ಇರುವುದು ನೇಪಾಳದ ಪಶುಪತಿಯಲ್ಲಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮರುವರ್ಷ ಹೋಗೋಣ ಎಂದಿದ್ದ ಅಪ್ಪ ಮರುವರ್ಷ ಇರಲಿಲ್ಲ. ಅಂದಿನಿಂದ ಅವ್ವನದು ಒಂದೇ ಮಾತು: "ಬೆನ್ನ ನೋಡಿ ಬಂದೀನಿ. ಮುಖಾ ನೋಡೂದು ಉಳದೈತಿ." ಈಗ ಮೊಣಕಾಲು ಬೇರೆ ಕೈಕೊಡತೊಡಗಿದ್ದವು. ಈ ವರ್ಷ ಆಗದಿದ್ದರೆ ಮುಂದೆ ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಅಂಗಡಿ ಮುಚ್ಚಿ ನಾನೂ ಹೊರಟೆ.

ಕಾರ್ಡು ಕೊಡಲಿಲ್ಲ ಸರಿ, ಎಲ್ಲಿ ಇಡುವುದು? ಜೇಬು ಕತ್ತರಿಸುವವರಿದ್ದಾರೆ, ಚೀಲ ಎತ್ತುವವರಿದ್ದಾರೆ. ಮನೆಯಲ್ಲಿ ಅಪ್ಪನ ಕಾಲದ ತಗಡಿನ ಟ್ರಂಕು ಇತ್ತು. ಅದರ ತಳದ ಅಳತೆಗೆ ಇನ್ನೊಂದು ತಗಡು ಕತ್ತರಿಸಿದೆ. ಎರಡೂ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಳದಲ್ಲಿಟ್ಟು ಮೇಲೆ ಆ ತಗಡನ್ನು ಕೂರಿಸಿದೆ. ವೆಲ್ಡ್ ಹೊಡೆದರೆ ಕಾವಿಗೆ ಕಾರ್ಡು ಕರಗುತ್ತದೆ. ಅದಕ್ಕೆ ಸುತ್ತಲೂ ಹನ್ನೆರಡು ರಿವೆಟ್ ಹೊಡೆದೆ. ಹಳೆಯ ಬಣ್ಣಕ್ಕೆ ಹೊಂದುವ ಬಣ್ಣ ಬಳಿದೆ. ಮುಗಿಸಿ ನೋಡಿದರೆ ನನಗೇ ಹಳೆಯ ತಳ ಯಾವುದು, ಹೊಸದು ಯಾವುದು ತಿಳಿಯಲಿಲ್ಲ. ಅಂಥ ಕೆಲಸ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಏನ್ ಮಾಡಾಕತ್ತೀಯೋ?" ಅಂದಳು ಅವ್ವ.

"ತಳಾ ಗಟ್ಟಿ ಮಾಡಾಕತ್ತೀನಿ."

ರಿವೆಟ್ ಕೀಳಲು ಒಂದು ಚಾಣ, ಒಂದು ಸಣ್ಣ ಸುತ್ತಿಗೆ ಬಟ್ಟೆಯೊಳಗೆ ಇಟ್ಟುಕೊಂಡೆ. ಗಡಿಗೆ ಹೋಗುವ ಮೊದಲು ಕಾಶಿಯ ಧರ್ಮಶಾಲೆಯಲ್ಲಿ ನಾಲ್ಕು ರಿವೆಟ್ ಬಿಚ್ಚಿ ಕಾರ್ಡು ಹೊರಗೆ ತೆಗೆಯಬೇಕೆಂದು ನನ್ನ ಲೆಕ್ಕವಿತ್ತು. ಆದರೆ ಕಾಶಿಯಲ್ಲಿ ಏಜೆಂಟ್ ತನ್ನ ಹಾಸಿಗೆಯನ್ನು ನಮ್ಮ ಕೋಣೆಯಲ್ಲೇ ಹಾಕಿದ. "ಅವ್ವಾರಿಗೆ ರಾತ್ರಿ ಏನರ ಬೇಕಾದ್ರ ನಾ ಇರ್ತೀನಿ," ಅಂದ. ನಾನು ಇರುವಾಗ ಅವನೇಕೆ ಇರಬೇಕು? ಅವನ ಕಣ್ಣೆದುರು ಟ್ರಂಕು ಬಿಚ್ಚುವುದು ಸಾಧ್ಯವಿರಲಿಲ್ಲ. ದಾರಿಯಲ್ಲಿ ಎಲ್ಲಿಯಾದರೂ ನೋಡೋಣ ಅಂದುಕೊಂಡೆ. ಬಸ್ಸು ದಾರಿಯಲ್ಲಿ ಊಟಕ್ಕೆ ಬಿಟ್ಟರೆ ಎಲ್ಲಿಯೂ ನಿಲ್ಲಲಿಲ್ಲ. ಮರುದಿನ ಮುಂಜಾನೆ ಕಣ್ಣು ಬಿಟ್ಟರೆ ಸುನೌಲಿ, ಎದುರಿಗೆ ಗಡಿಯ ದೊಡ್ಡ ಕಮಾನು.

ಅಲ್ಲಿ ಎಲ್ಲರನ್ನೂ ಇಳಿಸಿದರು. ಏಜೆಂಟ್ ಚೀಲದಿಂದ ಮೂವತ್ತಾರು ಕಾರ್ಡು ತೆಗೆದು ಯಾದಿಯ ಪ್ರಕಾರ ಜೋಡಿಸಿಕೊಂಡು ನನ್ನ ಮುಂದೆ ಬಂದು ಕೈಚಾಚಿದ.

"ಹತ್ತು ನಿಮಿಷ ತಡಿ," ಅಂದೆ.

ಟ್ರಂಕನ್ನು ರಸ್ತೆಯ ಬದಿಗೆ ಒಯ್ದೆ. ಕಟಕ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿ ಪುಡಿಯ ಪೊಟ್ಟಣ, ಅವ್ವನ ಸೀರೆ, ವಿಭೂತಿಯ ಚೀಲ ಎಲ್ಲ ಹೊರಗಿಟ್ಟೆ. ಚಾಣ ಹಚ್ಚಿ ಸುತ್ತಿಗೆಯಿಂದ ಒಂದು ಹೊಡೆದೆ. ಗಟ್ಟಿ ಕೆಲಸ, ರಿವೆಟ್ ಅಲ್ಲಾಡಲಿಲ್ಲ. ಇನ್ನೊಂದು ಹೊಡೆದೆ. ಮೂರನೆಯದಕ್ಕೆ ಕೈ ಎತ್ತಿದಾಗ ನನ್ನ ಮುಂದೆ ನಾಲ್ಕು ಬೂಟುಗಳು ನಿಂತಿದ್ದವು.

ಗಡಿ ಕಾಯುವವರು. ಅವರಲ್ಲಿ ಹಿರಿಯನು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಟ್ರಂಕಿನ ತಳವನ್ನು ಬೆರಳಿನಿಂದ ಬಡಿದ. ಪಕ್ಕ ಬಡಿದ. ಮತ್ತೆ ತಳ ಬಡಿದ. ತಗಡಿನ ಸದ್ದು ತಿಳಿದವನಿಗೆ ಅಷ್ಟು ಸಾಕು. ಆ ಸದ್ದು ನನಗೂ ತಿಳಿಯುತ್ತದೆ. ಅವನ ಮುಖ ಬದಲಾಯಿತು.

"ನೀಚೆ ಕ್ಯಾ ಹೈ?" ಎಂದು ತಳ ತೋರಿಸಿ ಕೇಳಿದ.

"ಹಮಾರಾ ಓಟ್ ಕಾ ಕಾರ್ಡ್ ಹೈ ಸಾಬ್," ಅಂದೆ ನನ್ನ ಹುಬ್ಬಳ್ಳಿ ಹಿಂದಿಯಲ್ಲಿ.

ಅವನು ನಗಲಿಲ್ಲ. ಎರಡು ತಳದ ಟ್ರಂಕು ಹಿಡಿದು ಎರಡು ದೇಶಗಳ ನಡುವೆ ಕುಳಿತವನು ಓಟಿನ ಕಾರ್ಡಿದೆ ಎಂದರೆ ಯಾರು ನಂಬುತ್ತಾರೆ? ಇನ್ನೊಬ್ಬ ಪೊಟ್ಟಣ ಬಿಚ್ಚಿದ: ಕರಿ ಪುಡಿ. ಚೀಲ ಬಿಚ್ಚಿದ: ಬಿಳಿ ಪುಡಿ. ಇಬ್ಬರೂ ಮುಖ ಮುಖ ನೋಡಿಕೊಂಡರು. ಸುತ್ತ ಜನ ಸೇರಿದರು. ಸಂಶಿಯಲ್ಲಿ ಗೇಟಿನ ಹಿಂದೆ ನಿಂತು ನೋಡಿದ್ದರಲ್ಲ, ಅದೇ ನೋಟ.

ಅಷ್ಟರಲ್ಲಿ ಅವ್ವ ಕೋಲೂರಿಕೊಂಡು ಬಂದಳು. ಏನು ನಡೆದಿದೆ ಎಂದು ಯಾರನ್ನೂ ಕೇಳಲಿಲ್ಲ. ಚೀಲಕ್ಕೆ ಮೂರು ಬೆರಳು ಹಾಕಿ ಹಣೆಗೆ ಅಡ್ಡಕ್ಕೆ ವಿಭೂತಿ ಎಳೆದುಕೊಂಡಳು. "ನೀನೂ ಹಚ್ಚಿಕೊಳ್ಳಪಾ," ಎಂದು ಆ ಸಾಹೇಬನ ಕಡೆ ಕೈ ನೀಡಿದಳು. ಅವನಿಗೆ ಕನ್ನಡ ತಿಳಿಯಲಿಲ್ಲ, ಬೆರಳು ತಿಳಿಯಿತು. ತಲೆ ಸ್ವಲ್ಪ ಬಾಗಿಸಿದ. ಆದರೆ ಟ್ರಂಕು ಬಿಡಲಿಲ್ಲ.

ಅವರ ಮನುಷ್ಯನೊಬ್ಬ ಯಂತ್ರ ತಂದು ನನ್ನ ಹನ್ನೆರಡು ರಿವೆಟ್ ಕೊಯ್ದ. ಒಳಗೆ ಎರಡು ಕಾರ್ಡು, ಬೇರೇನೂ ಇಲ್ಲ. ಸಾಹೇಬನ ಸಂಶಯ ಆಗ ಇನ್ನೂ ಹೆಚ್ಚಾಯಿತು. ಓಟಿನ ಕಾರ್ಡನ್ನು ಯಾರಾದರೂ ಹೀಗೆ ಬಚ್ಚಿಡುತ್ತಾರೆಯೇ? ಯಾರಿಂದ? ಅವನು ಕೇಳಿದ್ದು ನನ್ನನ್ನಲ್ಲ, ಹಿಂದಿ ಬಲ್ಲ ಏಜೆಂಟನನ್ನು.

ಏಜೆಂಟ್ ನನ್ನ ಕಡೆ ನೋಡಿದ. 'ನನ್ನಿಂದಲೇ ಬಚ್ಚಿಟ್ಟಿದ್ದಾನೆ' ಎಂದು ಹೇಳಿದ್ದರೆ ಅದು ಸತ್ಯವೇ ಆಗಿತ್ತು. ಅವನು ಹಾಗೆ ಹೇಳಲಿಲ್ಲ. ಈತ ದೊಡ್ಡ ಕೆಲಸಗಾರ, ಹಿಂದೊಮ್ಮೆ ಇವನ ಕಾಗದದಿಂದ ಮೋಸವಾಗಿತ್ತು, ಅದಕ್ಕೆ ಅಂಜಿದ್ದಾನೆ ಎಂದ. ಇವನೇಕೆ ನನ್ನ ಪರ ಮಾತಾಡುತ್ತಾನೆ, ಇದರಲ್ಲಿ ಇವನಿಗೇನು ಲಾಭ ಎಂದು ನಾನು ಆಗಲೂ ಯೋಚಿಸುತ್ತಿದ್ದೆ.

ಕೊನೆಗೆ ಸಾಹೇಬ ಹೇಳಿದ್ದು ಇಷ್ಟು: ಮುದುಕಿ ಹೋಗಬಹುದು. ನಾಯಿ ತರಿಸಿ ಟ್ರಂಕು ಮೂಸಿಸಬೇಕು, ಮೇಲಿನವರು ನೋಡಬೇಕು. ಅಲ್ಲಿಯತನಕ ಟ್ರಂಕಿನವನು ಇಲ್ಲೇ. ನಾಯಿ ಯಾವಾಗ ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಬಸ್ಸಿಗೆ ದಿನದ ಲೆಕ್ಕದ ಪರವಾನಗಿ ಮಾಡಿಸಿ ಆಗಿತ್ತು, ಉಳಿದವರು ಕಾಯುವಂತಿರಲಿಲ್ಲ.

"ನಡಿ ಯವ್ವಾ, ಊರಿಗೆ ಹೋಗೂಣು," ಅಂದೆ. "ನಿನ್ನ ಒಬ್ಬಾಕೀನ ಇವನ ಜೋಡಿ ಕಳಸಂಗಿಲ್ಲ."

"ಯಾಕ ಕಳಸಂಗಿಲ್ಲ?"

"ಅಲ್ಲಿ ಏನರ ಆದ್ರ? ಬೇರೆ ದೇಶ ಅದು."

"ನಿಮ್ಮಪ್ಪ ಮುಂದಿನ ವರ್ಷ ಅಂದಾ," ಅಂದಳು ಅವ್ವ. "ನೀ ಊರಿಗೆ ಅಂತೀ. ನಿನ್ನ ಟ್ರಂಕ ನೀ ಕಾಯ್ಕೊಂತ ಕುಂದ್ರು. ನಾ ಹೋಗ್ತೀನಿ."

ಸಾಹೇಬ ಎರಡೂ ಕಾರ್ಡನ್ನು ನನ್ನ ಕೈಯಲ್ಲಿಟ್ಟ. ನನ್ನದನ್ನು ಜೇಬಿಗೆ ಹಾಕಿಕೊಂಡೆ. ಅವ್ವನದನ್ನು ಹಿಡಿದುಕೊಂಡು ನಿಂತೆ. ಏಜೆಂಟ್ ಈ ಸಲ ಕೈಚಾಚಿರಲಿಲ್ಲ.

"ನೋಡಲೇ, ಏನರ ಹೆಚ್ಚುಕಮ್ಮಿ ಆತಂದ್ರ..."

"ಏನ್ ಮಾಡ್ಲೋ ನಿಮ್ಮವ್ವನ್ನ ಒಯ್ದು? ನಮ್ಮನಿಯಾಗೂ ಒಬ್ಬಾಕಿ ಮುದುಕಿ ಅದಾಳ," ಅಂದ.

ಕಾರ್ಡು ಕೊಟ್ಟೆ. ಅವನು ಅದನ್ನು ಚೀಲಕ್ಕೆ ಹಾಕಿ, ಅವ್ವನ ತೋಳು ಹಿಡಿದು ಕಮಾನಿನ ಕಡೆ ನಡೆದ. ಅವ್ವ ತಿರುಗಿ ನೋಡಲಿಲ್ಲ.

ನಾಯಿ ಸಂಜೆ ಬಂತು. ಚಟ್ನಿ ಪುಡಿ ಮೂಸಿ ನಾಲ್ಕು ಸಲ ಸೀನಿತು, ರೊಟ್ಟಿಯ ಗಂಟಿನ ಮುಂದೆ ಕುಳಿತುಬಿಟ್ಟಿತು. ಮೇಲಿನವರು ಬಂದು ನಕ್ಕು ಟ್ರಂಕು ಕೊಟ್ಟರು. ಆಗ ಬಸ್ಸು ಎಲ್ಲಿತ್ತೋ. ಗೊತ್ತಿಲ್ಲದ ಗಾಡಿ ಹತ್ತಿ ಗೊತ್ತಿಲ್ಲದ ದೇಶದೊಳಗೆ ಹೋಗುವವನು ನಾನಲ್ಲ. ಗಡಿಯ ಹತ್ತಿರದ ಧರ್ಮಶಾಲೆಯಲ್ಲಿ ಉಳಿದೆ.

ನಾಲ್ಕು ದಿನ. ಏಜೆಂಟನ ಫೋನು ಹತ್ತಲಿಲ್ಲ. ಆಚೆ ನಮ್ಮ ಸಿಮ್ ನಡೆಯುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. ಮೊದಲೇ ಯಾಕೆ ಹೇಳಿದ ಎಂದು ಅದಕ್ಕೂ ಸಂಶಯ ಬಂತು. ಕಮಾನಿನ ಎದುರಿನ ಚಹಾದಂಗಡಿಯಲ್ಲಿ ಕುಳಿತು ಹೋಗುವವರನ್ನು ನೋಡಿದೆ. ಸೈಕಲ್ಲಿನ ಮೇಲೆ ಸಕ್ಕರೆ ಚೀಲ ಹೇರಿಕೊಂಡವರು, ತಲೆಯ ಮೇಲೆ ಗಾದಿ ಹೊತ್ತವರು, ಈಚೆ ಬಂದು ಸಂತೆ ಮಾಡಿಕೊಂಡು ಆಚೆ ಅಡಿಗೆಗೆ ಹೋಗುವ ಹೆಂಗಸರು. ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ. ಒಬ್ಬ ಬಂದು, ಈ ಸಣ್ಣ ಗಂಟು ಆಚೆ ಮುಟ್ಟಿಸಿ ಕಾಕಾ ಎಂದು ಹಿಂದಿಯಲ್ಲಿ ಬೇಡಿದ. ನಾನು ಎದ್ದು ಬೇರೆ ಬೆಂಚಿಗೆ ಹೋದೆ. ಕೈ ಸುಮ್ಮನಿರದೆ ಧರ್ಮಶಾಲೆಯ ಬಾಗಿಲಿನ ಮುರಿದ ತಿರುಗಣಿ ಸರಿಮಾಡಿದೆ. ಅದಾದ ಮೇಲೆ ಧರ್ಮಶಾಲೆ ನೋಡಿಕೊಳ್ಳುವ ಮುದುಕ ನನ್ನಿಂದ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಅದೂ ಯಾಕೆ ಎಂದು ಒಂದು ಹೊತ್ತು ಯೋಚಿಸಿದೆ.

ಐದನೆಯ ದಿನ ಮಧ್ಯಾಹ್ನ ಬಸ್ಸು ಕಮಾನಿನೊಳಗಿಂದ ಬಂತು. ಬಾಗಿಲಲ್ಲಿ ಮೊದಲು ಕೋಲು ಕಂಡಿತು, ಆಮೇಲೆ ಅವ್ವ. ಕೊರಳಲ್ಲಿ ಹೊಸ ರುದ್ರಾಕ್ಷಿ.

"ಮುಖಾ ನೋಡಿದ್ಯಾ?" ಅಂದೆ.

"ನಾಕ ಮುಖಾ ಅದಾವೋ, ನಾಕ ದಿಕ್ಕಿಗೆ. ಭಾಳ ಗದ್ದಲಾ. ಈ ಹುಡುಗ ನನ್ನ ಎತ್ತಿಕೊಂಡ ಒಂದೊಂದ ಬಾಗಲಕ್ಕ ಒಯ್ದು ತೋರಿಸ್ದಾ. ಒಂದು ನಿಮ್ಮಪ್ಪಂದು, ಒಂದು ನಿಂದು ಅಂತ ನೋಡಿ ಬಂದೀನಿ."

ಈ ಹುಡುಗ ಎಂದರೆ ಏಜೆಂಟ್. ಐವತ್ತು ದಾಟಿದವನು. ಅವನು ಚೀಲ ಬಿಚ್ಚಿ ಒಬ್ಬೊಬ್ಬರ ಹೆಸರು ಕೂಗಿ ಕಾರ್ಡು ತಿರುಗಿ ಕೊಡತೊಡಗಿದ. ಒಂದೂ ಕಡಿಮೆಯಾಗಿರಲಿಲ್ಲ; ನಾನು ಎಣಿಸುತ್ತಿದ್ದೆ. ಅವ್ವನದು ಬಂದಾಗ ನನ್ನ ಕಡೆ ಚಾಚಿದ. ನಡುವೆ ಅವ್ವನ ಕೋಲು ಬಂತು.

"ಅವಂಗ ಬ್ಯಾಡ ತಮ್ಮಾ. ಊರ ಮುಟ್ಟೂತನಕ ನಿನ್ನ ಕಡೇನ ಇರ್ಲಿ. ಇಂವ ಮತ್ತ ರಿವೆಟ್ ಹೊಡಿತಾನ."

ಬಸ್ಸು ತುಂಬ ನಗೆ. ಏಜೆಂಟ್ ನಗದೆ ನನ್ನ ಮುಖವನ್ನೇ ನೋಡಿದ.

"ಇಟಗೊ," ಅಂದೆ.

ಟ್ರಂಕು ಎರಡನೆಯ ತಳ ಕಳೆದುಕೊಂಡು, ಹಗ್ಗದಲ್ಲಿ ಕಟ್ಟಿಸಿಕೊಂಡು ಸೀಟಿನ ಕೆಳಗೆ ಇತ್ತು. ನನ್ನ ಕಾರ್ಡು ನನ್ನ ಜೇಬಿನಲ್ಲಿತ್ತು. ಅವ್ವನದು ಸಂಶಿಯತನಕ ಅವನ ಚೀಲದಲ್ಲಿ ಬಂತು. ಆ ಚೀಲ ಎಲ್ಲಿದೆ ಎಂದು ನಾನು ದಾರಿಯುದ್ದಕ್ಕೂ ನೋಡುತ್ತಲೇ ಬಂದೆ, ಆದರೆ ಕೇಳಲಿಲ್ಲ.